ಅಡಿಗೆರೆ

ನಮ್ಮ ಓದುಮನೆಯ ತಲೆಬಾಗಿಲ ಮೇಲೆ ಮೂರು ಚುಕ್ಕೆಗಳಿವೆ. ಹೊಸಬರು ಅವು ನೊಣ ಕೂತ ಗುರುತೆಂದು ತಿಳಿದು ಉಗುರಿನಿಂದ ಕೆರೆಯಲು ಹೋಗುತ್ತಾರೆ. ನಾನು ಒಳಗಿನಿಂದಲೇ ಗದರುತ್ತೇನೆ. ಒಂದೊಂದು ಚುಕ್ಕೆಯೂ ಒಬ್ಬೊಬ್ಬ ಓದುಗರ ತಪ್ಪು. ತಪ್ಪು ಓದಿದವರು ಅದನ್ನು ಗೇಣುದ್ದದ ಅಕ್ಷರಗಳಲ್ಲಿ ತಮ್ಮ ಕೈಯಿಂದಲೇ ಬಾಗಿಲ ಮೇಲೆ ಬರೆಯಬೇಕು, ಅದು ಕುಗ್ಗಿ ಚುಕ್ಕೆಯಾಗುವ ತನಕ ದಿನವೂ ಅದರ ಕೆಳಗೆ ಹಾಯ್ದೇ ಕೆಲಸಕ್ಕೆ ಬರಬೇಕು. ಅಷ್ಟೇ ಶಿಕ್ಷೆ. ನಡುವಿನ ಚುಕ್ಕೆ ನನಗೆ ಕೆಲಸ ಕಲಿಸಿದ ಗುರುಪಾದಪ್ಪನವರದು. ಅವರು ಒಂದು ಹಳೆಯ ಕಾಗದದಲ್ಲಿ ‘ಅತ್ತೆಯನ್ನು ಕಳಿಸಿಕೊಡಿ’ ಎಂದಿದ್ದುದನ್ನು ‘ಕತ್ತೆಯನ್ನು ಕಳಿಸಿಕೊಡಿ’ ಎಂದು ಓದಿ ಎರಡು ಮನೆತನಗಳ ನಡುವೆ ಏಳು ವರ್ಷ ಮಾತು ಬಿಡಿಸಿದ್ದರು. ಬಾಗಿಲ ಮೇಲೆ ಈಗ ನಾಲ್ಕನೆಯದೂ ಒಂದಿದೆ. ಅದು ಇನ್ನೂ ಚುಕ್ಕೆಯಾಗಿಲ್ಲ, ಬೀದಿಯಲ್ಲಿ ನಿಂತವರಿಗೂ ಓದಲು ಬರುತ್ತದೆ. ಅದು ನನ್ನದು.

ನಮ್ಮೂರಿನಲ್ಲಿ ಬರೆದದ್ದು ಕುಗ್ಗುತ್ತದೆ. ಕಾಗದ ಹಾಗೇ ಇರುತ್ತದೆ, ಗೋಡೆ ಹಾಗೇ ಇರುತ್ತದೆ; ಬರಹ ಮಾತ್ರ ನಾಲ್ಕೂ ಕಡೆಯಿಂದ ನಡುವಿಗೆ ಸರಿಯುತ್ತಾ ಹೋಗುತ್ತದೆ. ಕಣ್ಣಿಗೆ ಕಾಣುವಷ್ಟು ದಿನ ಓಡುತ್ತದೆ, ಕಾಣದಂತಾದ ಮೇಲೆ ನಡೆಯುತ್ತದೆ, ಆಮೇಲೆ ತೆವಳುತ್ತದೆ, ನಿಲ್ಲುವುದಂತೂ ಇಲ್ಲ. ಅಂಗಡಿಯವರು ಯುಗಾದಿಗೆ ಸುಣ್ಣ ಬಳಿಸುವಾಗ ಬೋರ್ಡನ್ನೂ ಮತ್ತೆ ಬರೆಸುತ್ತಾರೆ. ಮರೆತವರ ಅಂಗಡಿಯ ಹೆಸರು ಹಲಗೆಯ ನಡುವೆ ಇರುವೆ ಸಾಲಿನಷ್ಟಾಗಿ ಕೂತಿರುತ್ತದೆ, ಗಿರಾಕಿಗಳು ಆಡಿಕೊಂಡು ನಗುತ್ತಾರೆ. ಮದುವೆಯ ಕರೆಯೋಲೆಯನ್ನು ಪಂಚೆಯಗಲ ಬರೆಯುತ್ತೇವೆ, ಮೊದಲ ಮಗುವಿನ ಜವಳದ ತನಕವಾದರೂ ಓದಲು ಬರಲಿ ಎಂದು. ಸಾಲೆಯಲ್ಲಿ ಮಕ್ಕಳಿಗೆ ಮೊದಲ ಪಾಠವೇ ‘ಆನೆಯಷ್ಟು ಬರಿ’ ಎನ್ನುವುದು. ಹಚ್ಚೆ ಹಾಕಿಸಿಕೊಂಡ ಹೆಂಗಸರ ತೋಳಿನ ಮೇಲೆ ಗಂಡಂದಿರ ಹೆಸರು ಕುಗ್ಗಿ ಎಳ್ಳಿನಷ್ಟಾಗುತ್ತದೆ. ಹೀಗಾಗಿ ಯಾವ ಹುಡುಗಿಯ ಕೆನ್ನೆಯ ಮೇಲೆ ಮಚ್ಚೆ ಕಂಡರೂ ನಮ್ಮ ಮುದುಕಿಯರು ‘ಯಾರ ಹೆಸರವ್ವಾ ಅದು?’ ಎಂದು ಕೇಳಿ ಅವಳ ಮುಖ ಕೆಂಪಾಗಿಸುತ್ತಾರೆ.

ಬೇಕಾದದ್ದನ್ನು ಹೊತ್ತಿಗೆ ಸರಿಯಾಗಿ ಮತ್ತೆ ದೊಡ್ಡದಾಗಿ ಬರೆದಿಟ್ಟುಕೊಳ್ಳುವುದು ರೂಢಿ. ಮರೆತು, ಕಣ್ಣಿಗೆ ಕಾಣದಂತಾದ ಮೇಲೆ ಹಣೆ ಚಚ್ಚಿಕೊಂಡು ಬರುವವರಿಗಾಗಿ ಓದುಮನೆ ಇದೆ. ಎತ್ತರದ ಒಂದು ಕಿಟಕಿ, ಅದರ ಕೆಳಗೆ ಸಣ್ಣದನ್ನು ದೊಡ್ಡದಾಗಿ ತೋರಿಸುವ ಹಿತ್ತಾಳೆಯ ದುರ್ಬೀನು, ದುರ್ಬೀನಿನ ಮುಂದೆ ನಾನು. ಕಾಗದವನ್ನು ಅದರಡಿ ಇಟ್ಟು, ಸಾಸಿವೆಯಷ್ಟಾದದ್ದನ್ನು, ಸಾಸಿವೆಯೂ ಅಲ್ಲದ್ದನ್ನು ಹುಡುಕಿ ಹಿಡಿದು ಓದಿ, ಹೊಸ ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಡುವುದು ನನ್ನ ಕೆಲಸ. ಊರವರು ನನ್ನನ್ನು ಅಕ್ಕಾರ ಎನ್ನುತ್ತಾರೆ, ಸಾಲೆಯ ಮಾಸ್ತರತಿಯನ್ನು ಕರೆದ ಹಾಗೆ.

ದುರ್ಬೀನಿಗೂ ಒಂದು ಮಿತಿಯಿದೆ. ಅಕ್ಷರಗಳು ಒಂದಳತೆಗಿಂತ ಸಣ್ಣವಾದರೆ ಎಂಥ ಮಸೂರ ಹಾಕಿದರೂ ಒಂದರೊಳಗೊಂದು ಕರಗಿ ಹೋಗುತ್ತವೆ. ಅದು ಮಸೂರದ ತಪ್ಪಲ್ಲ ಎಂದು ಗುರುಪಾದಪ್ಪನವರು ಹೇಳುತ್ತಿದ್ದರು. ‘ದಪ್ಪ ಕುಂಚದಾಗ ಸಣ್ಣ ಗೆರಿ ಬರೀಲಿಕ್ಕೆ ಆಗ್ತೈತೇನವಾ? ಬೆಳಕಂದ್ರ ದಪ್ಪ ಕುಂಚ. ಅದನ್ನ ಬೈಯಬ್ಯಾಡ.’ ಹಾಗಾದ ಬರಹಕ್ಕೆ ನಾವು ‘ಕೂಡಿದೆ’ ಎನ್ನುತ್ತೇವೆ. ಓದುಮನೆಯವರು ಎರಡೇ ಮಾತು ಆಡಬೇಕು, ‘ಹೀಗಿದೆ’ ಇಲ್ಲವೇ ‘ಕೂಡಿದೆ’. ‘ಹೀಗಿರಬಹುದು’ ಎನ್ನುವಂತಿಲ್ಲ. ಇನ್ನೊಂದು ಕಟ್ಟಳೆ, ಗಾಜು ಬರಹಕ್ಕೆ ತಾಗಬಾರದು. ಮಸೂರಕ್ಕೂ ಕಾಗದಕ್ಕೂ ನಡುವೆ ಸ್ವಲ್ಪವಾದರೂ ಸಂದು ಇರಲೇಬೇಕು. ತಾಗಿದರೆ ಅಷ್ಟು ಸಣ್ಣ ಬರಹ ಒರೆಸಿ ಹೋದೀತೆಂಬ ಭಯ. ಕೂಡಿದ ಕಾಗದವನ್ನು ಮನೆಯವರು ಒಳ್ಳೆಯ ದಿನ ನೋಡಿ ಕೆರೆಯ ನೀರಿಗೆ ಬಿಡುತ್ತಾರೆ. ಅದಕ್ಕೆ ಚುಕ್ಕೆ ಬಿಡುವುದು ಎಂದು ಹೆಸರು. ಬಿಟ್ಟ ಮೇಲೆ ಅತ್ತವರುಂಟು, ಹಗುರಾಯಿತು ಎಂದವರೂ ಉಂಟು.

ಬಳೆ ಬೀದಿಯ ಕಸ್ತೂರಿ ನನ್ನ ಮುಂದೆ ಮೊದಲ ಸಲ ಕೂತಾಗ ಅವಳಿಗೆ ಹತ್ತೊಂಬತ್ತು, ನನಗೆ ಮೂವತ್ತು. ಅವಳನ್ನು ಅರಿಯದವರು ಊರಲ್ಲಿ ಇರಲಿಲ್ಲ. ಏಳು ವರ್ಷದವಳಿದ್ದಾಗಲೇ ಅವ್ವನ ಪಕ್ಕ ದೀಪದ ಉರಿಯ ಮುಂದೆ ಕೂತು ಗಾಜಿನ ಎಳೆ ಎಳೆದು ಗಿಳಿ ಮಾಡುತ್ತಿದ್ದಳು, ನವಿಲು ಮಾಡುತ್ತಿದ್ದಳು, ಕೊಕ್ಕಿನಲ್ಲಿ ಕಾಳು ಹಿಡಿದ ಗುಬ್ಬಿ ಮಾಡುತ್ತಿದ್ದಳು. ಅವು ಅಂಗಡಿಯ ಮುಂದೆ ದಾರದಲ್ಲಿ ತೂಗಿದರೆ ಬೀದಿಯಲ್ಲಿ ಚಕ್ಕಡಿ ನಿಲ್ಲುತ್ತಿದ್ದವು. ಒಂಬತ್ತರಲ್ಲಿ ತಾಯಿ ಹೋದಳು. ಸಾಕಿದ ಅತ್ತೆ ದ್ಯಾಮವ್ವ ಬೆಳ್ಳುಳ್ಳಿ ಬುಟ್ಟಿಯ ಅಡಿ ಹಾಸಿದ್ದ ಕಾಗದಗಳ ನಡುವಿನಿಂದ ಹತ್ತು ವರ್ಷದ ಮೇಲೆ ಒಂದು ಹಾಳೆ ತೆಗೆದು, ‘ಅಯ್ಯ, ಇದು ನಿಮ್ಮವ್ವ ನಿನಗ ಕೊಡು ಅಂದಿದ್ದು, ನನ್ನ ತಲೀಗೆ ಬೆಂಕಿ ಹಚ್ಚ’ ಎಂದಿದ್ದಳಂತೆ. ಹಾಳೆಯ ನಡುವೆ ಏನೂ ಇದ್ದಂತಿರಲಿಲ್ಲ. ಕಸ್ತೂರಿ ಅದನ್ನು ಎರಡೂ ಕೈಯಲ್ಲಿ ಹಾಲು ತುಂಬಿದ ತಟ್ಟೆಯ ಹಾಗೆ ಹಿಡಿದು ತಂದಿದ್ದಳು.

‘ಏನರ ಉಳದೈತೇನ್ರಿ ಅಕ್ಕಾರ?’

‘ತಡಿ, ನೋಡೂಣು.’

ಅದು ಮಿತಿಯ ಅಂಚಿನಲ್ಲಿತ್ತು. ಇನ್ನೊಂದು ತಿಂಗಳು ತಡವಾಗಿದ್ದರೆ ಪೂರ್ತಿ ಕೂಡಿರುತ್ತಿತ್ತು. ಒಂದಿಡೀ ಮಧ್ಯಾಹ್ನ ಕಣ್ಣು ಉರಿಯುವ ತನಕ ನೋಡಿ ಮೂರು ಸಾಲು ಬಿಡಿಸಿದೆ. ‘ಕಸ್ತೂರಿ’ ಎಂದು ಒಂದು. ‘ಗಾಜು ನಿನ್ನ ಮಾತು ಕೇಳುತ್ತದೆ’ ಎಂದು ಒಂದು. ಮೂರನೆಯದು ಒಂದೇ ಪದ, ‘ಮೆರೆಯಬೇಡ’. ಅದರ ಕೆಳಗೆ ಬರಹದ ಈ ತುದಿಯಿಂದ ಆ ತುದಿಗೆ, ಬಿಗಿಯಾಗಿ, ಒಂದು ಅಡಿಗೆರೆ. ಹೊಸ ಹಾಳೆ ತೆಗೆದು ಅಂಗೈಯಗಲದ ಅಕ್ಷರಗಳಲ್ಲಿ ಬರೆದುಕೊಟ್ಟೆ. ಗೆರೆಯನ್ನು ಮಾತ್ರ ಬರಿಗೈಯಲ್ಲಿ ಎಳೆಯಲಿಲ್ಲ, ಫೂಟುಪಟ್ಟಿ ಇಟ್ಟು ಎಳೆದೆ. ನನ್ನ ಕೆಲಸ ಅಚ್ಚುಕಟ್ಟು ಎಂದು ಹೆಸರು.

ಅವಳು ಬಹಳ ಹೊತ್ತು ಆ ಹಾಳೆಯನ್ನು ನೋಡಿದಳು. ಅಕ್ಷರಗಳಿಗಿಂತ ಗೆರೆಯ ಮೇಲೆ ಹೆಚ್ಚು ಬೆರಳಾಡಿಸಿದಳು.

‘ಗೆರಿ ಅವ್ವನs ಹಾಕ್ಯಾಳೇನ್ರಿ?’

‘ಅವ್ವನs ಹಾಕ್ಯಾಳ. ಹಿಂಗ ಐತಿ,’ ಎಂದೆ.

ಆಮೇಲೆ ನಡೆದದ್ದನ್ನು ಊರೇ ನೋಡಿತು. ಆ ವಾರವೇ ಅಂಗಡಿಯ ಮುಂದಿನ ಗಿಳಿ, ನವಿಲು, ಗುಬ್ಬಿ ಎಲ್ಲ ಒಳಗೆ ಹೋದವು. ಕಸ್ತೂರಿ ಹಸಿರು ಬಳೆ ಮಾಡಿದಳು, ಕೆಂಪು ಬಳೆ ಮಾಡಿದಳು, ಎಲ್ಲ ಒಂದೇ ಅಚ್ಚಿನವು, ಒಂದು ಚಿಕ್ಕಿಯ ಕೆಲಸವೂ ಇಲ್ಲದವು. ಯಾರಾದರೂ ‘ಒಂದು ಹಕ್ಕಿ ಮಾಡಿಕೊಡ ನಮ್ಮವ್ವಾ’ ಎಂದು ಗೋಗರೆದರೆ ಗೋಡೆಯ ಕಡೆ ಕೈ ತೋರಿಸುತ್ತಿದ್ದಳು. ಗೋಡೆಯ ಮೇಲೆ ನಾನು ಬರೆದುಕೊಟ್ಟ ಹಾಳೆ. ಪ್ರತಿ ಯುಗಾದಿಗೂ ಅವಳೇ ಅದನ್ನು ಮತ್ತೆ ದೊಡ್ಡದಾಗಿ ಬರೆದು ಅಂಟಿಸುತ್ತಿದ್ದಳು, ಪ್ರತಿ ಸಲವೂ ಗೆರೆ ಸ್ವಲ್ಪ ದಪ್ಪವಾಗುತ್ತಿತ್ತು. ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೆ ಅವಳನ್ನು ತೋರಿಸಿ, ‘ನೋಡು, ಅವ್ವ ಹಾಕಿದ ಗೆರಿ ದಾಟಿಲ್ಲ ಹುಡುಗಿ’ ಎನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೂ ಒಳಗೊಳಗೇ ಹಿಗ್ಗು. ಓದಿಕೊಟ್ಟವಳು ನಾನಲ್ಲವೇ. ಬಾಗಿಲ ಮೇಲೆ ನನ್ನ ಚುಕ್ಕೆ ಇಲ್ಲದ್ದರ ಸೊಕ್ಕೂ ಇತ್ತು, ಈಗ ಮುಚ್ಚಿಡುವುದೇನು.

ಹೀಗೆ ಹತ್ತೊಂಬತ್ತು ವರ್ಷ ಹೋದವು. ಹೋದ ವರ್ಷ ಹೋಳಿ ಮುಗಿದ ವಾರ ಕಸ್ತೂರಿ ಓದುಮನೆಗೆ ಬಂದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದವು. ಮಸಿ ಹಿಡಿದ ಒಂದು ಹಳೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು.

‘ನಮ್ಮಜ್ಜಿ ಬರದ ಹಸಿರ ಗಾಜಿನ ಪಾಕ ಐತ್ರಿ ಇದರಾಗ. ಓದಲಿಕ್ಕೆ ಬಂದ್ರ ಬರದ ಕೊಡ್ರಿ, ನನ್ನ ಜಾಗಾಕ್ಕ ಬರಾವ್ರಿಗೆ ಬೇಕಾಗ್ತೈತಿ.’

‘ನಿನ್ನ ಜಾಗಾಕ್ಕ ಯಾಕ ಬರ್ತಾರವಾ? ನೀ ಎಲ್ಲಿ ಹೊಂಟಿ?’

‘ಎಲ್ಲೂ ಇಲ್ರಿ. ಬರೂ ಸೋಮವಾರ ಅವ್ವನ ಚುಕ್ಕಿ ಬಿಡ್ತೀನಿ. ಅವತ್ತ ಅವ್ವನ ದೀಪಾನೂ ಆರಸ್ತೀನಿ. ಒಂದs ಬಳಿ, ಒಂದs ಬಳಿ. ಕೈಗೆ ಬ್ಯಾಸರ ಆಗೇತ್ರಿ ಅಕ್ಕಾರ.’

ಅಷ್ಟು ಹೇಳಿ, ಯಾವ ದುಃಖವೂ ಇಲ್ಲದವಳಂತೆ ಸೆರಗು ಸರಿಮಾಡಿಕೊಂಡು ಹೋದಳು. ದುಃಖವಿಲ್ಲದ ಆ ಮುಖವೇ ನನ್ನನ್ನು ಕಾಡಿತು.

ಅಜ್ಜಿಯ ಹಾಳೆಯನ್ನು ದುರ್ಬೀನಿನಡಿ ಇಟ್ಟೆ. ನೋಡಿದೊಡನೆ ತಿಳಿಯಿತು, ಕೂಡಿತ್ತು, ಬೂದು ಬಣ್ಣದ ಒಂದು ಮೋಡ. ಅದರ ಮೇಲೆ ಕಸ್ತೂರಿಯ ಉರಿಯ ಧೂಳು ಬಿದ್ದಿತ್ತು. ಗಾಜಿನ ಎಳೆ ಉರಿಗೆ ತಾಗಿ ಸಿಡಿದಾಗ ಹಾರುವ ಧೂಳು ಅದು. ಬರಿಗಣ್ಣಿಗೆ ಮಂಕು, ದುರ್ಬೀನಿನಲ್ಲಿ ದುಂಡು ದುಂಡು ಮಣಿಗಳು. ಒಂದು ಗಸಗಸೆಯನ್ನು ನೂರು ಪಾಲು ಮಾಡಿದರೆ ಒಂದು ಪಾಲಿನಷ್ಟು ಇದ್ದಾವು. ಕಟ್ಟಳೆ ನೆನಪಾಗಿ, ಗಾಜು ಬರಹಕ್ಕೆ ತಾಗಿದೆಯಲ್ಲಾ ಎಂದು ಊದಿ ಹಾರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಕೈ ತಾಗಿ ದುರ್ಬೀನಿನ ಕೊಳವೆ ಒಂದಿಷ್ಟು ಕೆಳಗೆ ಇಳಿಯಿತು, ಕಾಗದದ ಮೈಯನ್ನೂ ದಾಟಿ ಕೆಳಗೆ ನೋಡುವ ಹಾಗೆ. ಆಗ ಒಂದು ಮಣಿಯೊಳಗೆ, ಬಾವಿಯ ತಳದಲ್ಲಿ ನಿಂತು ಮೇಲೆ ನೋಡುತ್ತಿರುವ ಮುಖದ ಹಾಗೆ, ‘ತಾಮ್ರ’ ಎಂಬ ಪದ ನಿಂತಿತ್ತು. ತಾ ಬೇರೆ, ಮ್ರ ಬೇರೆ. ಅದರಡಿಯ ಒತ್ತು ಕೂಡ ಬೇರೆ.

ಬಾಯಿಯೊಳಗಿನ ಉಸಿರು ಬಾಯಿಯಲ್ಲೇ ಉಳಿಯಿತು. ಆ ದಿನ ಊಟಕ್ಕೆ ಏಳಲಿಲ್ಲ. ರೇಷ್ಮೆಯ ಎಳೆಯಿಂದ ಮಣಿಯನ್ನು ಒಂಚೂರು ದೂಡಿದರೆ ಪಕ್ಕದ ಪದ ಕಂಡಿತು. ಎಳೆಗೆ ಅಂಟಿಸಿ ಕಾಗದದಿಂದ ಎತ್ತಿದರೆ, ಎತ್ತಿದ್ದು ಕಾಣದಷ್ಟು ಎತ್ತಿದರೂ, ಎಲ್ಲ ಮತ್ತೆ ಮೋಡ. ಮತ್ತೆ ತಾಗಿಸಿದರೆ ಮತ್ತೆ ಅಕ್ಷರ. ಆಗ ನನಗೆ ಅರ್ಥವಾಯಿತು. ಅತಿ ಸಣ್ಣದರ ಸುದ್ದಿ ಹೊತ್ತ ಬೆಳಕು ದೂರ ಬರುವ ಬೆಳಕಲ್ಲ. ಅದು ಕಾಗದದ ಮೈಗೇ ಅಂಟಿಕೊಂಡಿದ್ದು ಅಲ್ಲೇ ಆರಿ ಹೋಗುತ್ತದೆ, ನಮ್ಮ ಮಸೂರದ ತನಕ ಎಂದೂ ಬಂದಿರಲೇ ಇಲ್ಲ. ಮುಟ್ಟಿಕೊಂಡು ಕೂತ ಮಣಿ ಅದನ್ನು ಅಲ್ಲೇ ಹಿಡಿದು, ನಮಗೆ ಕಾಣುವ ಹಾಗೆ ಹಿಗ್ಗಿಸಿ ಕೊಡುತ್ತಿತ್ತು. ಮುಟ್ಟಬಾರದು ಎಂಬ ಕಟ್ಟಳೆಯನ್ನು ಅಷ್ಟು ವರ್ಷ ದೇವರ ಮಾತಿನಂತೆ ಪಾಲಿಸಿದ್ದೆ. ಮುಟ್ಟದೆ ಇದ್ದುದಕ್ಕೇ ಕಾಣದೆ ಹೋದದ್ದು ಎಷ್ಟಿದ್ದೀತು!

ಸಂತೋಷ ಸಂಜೆಯ ತನಕ ಇತ್ತು. ಸಂಜೆ, ನಾನು ಓದಿಕೊಟ್ಟದ್ದೆಲ್ಲ ನೆನಪಾಗತೊಡಗಿತು. ಮಿತಿಯ ಅಂಚಿನಲ್ಲಿ, ಕಣ್ಣು ಉರಿಸಿಕೊಂಡು, ‘ಹೀಗಿದೆ’ ಎಂದು ಗಟ್ಟಿಯಾಗಿ ಹೇಳಿದ ಮಾತುಗಳು. ಅವುಗಳಲ್ಲಿ ಎದ್ದು ಬಂದು ಎದುರಿಗೆ ಕೂತದ್ದು ‘ಮೆರೆಯಬೇಡ’. ಆ ಹಾಳೆಯಲ್ಲಿ ಮಕಾರದ ತಲೆಯ ಮೇಲೆ ಕಾಗದದ ನಾರೊಂದು ಹಾಯ್ದಿತ್ತು. ನಾನು ನೋಡಿದ ಎತ್ವ ನಿಜವಾಗಿ ಎತ್ವವೋ, ಇಲ್ಲ ಆ ನಾರೋ? ನಾರಾಗಿದ್ದರೆ ಪದ ‘ಮರೆಯಬೇಡ’. ಗಾಜು ನಿನ್ನ ಮಾತು ಕೇಳುತ್ತದೆ, ಮರೆಯಬೇಡ. ನೆಟ್ಟಗೆ ಕೂರುತ್ತದೆ. ಗಾಜು ನಿನ್ನ ಮಾತು ಕೇಳುತ್ತದೆ, ಮೆರೆಯಬೇಡ. ಅದೂ ನೆಟ್ಟಗೇ ಕೂರುತ್ತದೆ. ಒಂದು ಎತ್ವದಲ್ಲಿ ಒಬ್ಬಳ ಹತ್ತೊಂಬತ್ತು ವರ್ಷ ಇತ್ತು.

ನನ್ನ ಸಣ್ಣತನವನ್ನೂ ಹೇಳಿಬಿಡುತ್ತೇನೆ. ಎರಡು ದಿನ ಸುಮ್ಮನಿದ್ದೆ. ಸೋಮವಾರ ಬಂದರೆ ಹಾಳೆ ನೀರಿಗೆ ಹೋಗುತ್ತದೆ. ಆಮೇಲೆ ನನ್ನ ಮಣಿಯೂ ಏನೂ ಹೇಳಲಾರದು, ಬಾಗಿಲ ಮೇಲೆ ನನ್ನ ಹೆಸರೂ ಬರುವುದಿಲ್ಲ. ಬರುವ ವರ್ಷ ಕೆಲಸ ಬಿಡುವವಳು ನಾನು, ಮರ್ಯಾದೆಯಿಂದ ಬಿಡಬಹುದು. ಹೀಗೆಲ್ಲ ಅಂದುಕೊಂಡೆ. ಮೂರನೆಯ ದಿನ ಬಾಗಿಲಲ್ಲಿ ನಿಂತು ಗುರುಪಾದಪ್ಪನವರ ಚುಕ್ಕೆ ನೋಡಿದೆ. ಸಾಯುವ ತನಕ ಅವರು ಬಂದವರಿಗೆಲ್ಲ ಅದನ್ನು ತೋರಿಸಿ, ‘ಇದs ನಂದು’ ಎಂದು ಕತ್ತೆಯ ಕಥೆ ಹೇಳಿ ತಾವೇ ಮೊದಲು ನಗುತ್ತಿದ್ದರು. ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿ ಬಳೆ ಬೀದಿಗೆ ನಡೆದೆ.

ಕಸ್ತೂರಿ ಬಳೆ ಬೆಸೆಯುತ್ತಿದ್ದಳು. ಗೋಡೆಯ ಮೇಲೆ ಆ ಹಾಳೆ, ಹೆಬ್ಬೆರಳ ದಪ್ಪದ ಗೆರೆ. ಮಣಿಯ ಸಂಗತಿಯನ್ನೆಲ್ಲ ಹೇಳಿದೆ. ಎತ್ವದ ಸಂಗತಿಯನ್ನೂ ಹೇಳಿದೆ.

‘ಅಂದ್ರ,’ ಕಸ್ತೂರಿ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟಳು, ‘ಅವ್ವ ಮರೀಬ್ಯಾಡ ಅಂದಿರಬೌದೇನ್ರಿ?’

‘ಇರಬಹುದು,’ ಎಂದೆ. ಕೆಲಸಕ್ಕೆ ಸೇರಿದ ಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಉರಿಯನ್ನೇ ನೋಡುತ್ತಾ ಕೇಳಿದಳು, ‘ಆ ಮಣಿ ಅವ್ವನ ಅಕ್ಷರಕ್ಕ ತಾಗಬೇಕೇನ್ರಿ?’

‘ತಾಗಬೇಕು. ಅಳಿಸಿದ್ರೂ ಅಳಿಸೀತು. ಅದೂ ನನಗ ಗೊತ್ತಿಲ್ಲ.’

‘ನೀವು ಮುಟ್ಟಬ್ಯಾಡ್ರಿ ಹಂಗಾದ್ರ. ಮಣಿ ನಾ ಮಾಡ್ತೀನಿ, ನಾನs ಇಡ್ತೀನಿ.’

ಭಾನುವಾರ ಮಧ್ಯಾಹ್ನ ಬಂದಳು. ಬಿಸಿಲು ಕಿಟಕಿಯಿಂದ ನೇರ ಮೇಜಿನ ಮೇಲೆ ಬೀಳುವ ಹೊತ್ತು. ಒಂದು ಕರಿಯ ತಟ್ಟೆಯಲ್ಲಿ ಅವಳ ಮಣಿಗಳಿದ್ದವು. ನನಗೆ ಬರೀ ಹೊಳಪು ಕಂಡಿತು, ಅವಳಿಗೆ ಒಂದೊಂದೂ ಬೇರೆ. ಬೇಡ, ಇದು ಸೊಟ್ಟ, ಇದರೊಳಗ ಗುಳ್ಳಿ ಐತಿ ಎನ್ನುತ್ತಾ ದುರ್ಬೀನಿನಲ್ಲಿ ನೋಡಿ ನೋಡಿ ಒಂದನ್ನು ಆರಿಸಿದಳು. ತನ್ನ ತಲೆಯಿಂದ ಒಂದು ಕೂದಲು ಕಿತ್ತು, ಅದರ ತುದಿಯನ್ನು ಎಂಜಲಿನಿಂದ ತೇವ ಮಾಡಿ ಮಣಿ ಎತ್ತಿಕೊಂಡಳು. ಹತ್ತೊಂಬತ್ತು ವರ್ಷ ಒಂದೇ ಬಳೆ ಮಾಡಿದ ಕೈ ಅದು. ಅವ್ವನ ಚುಕ್ಕೆಯ ಮೇಲೆ ಮಣಿ ಇಳಿದು ಕೂತಿತು. ನಾನು ಕಣ್ಣು ಹಚ್ಚಿದೆ, ಕೊಳವೆಯನ್ನು ಕಾಗದ ದಾಟಿಸಿ ಕೆಳಗಿಳಿಸಿದೆ.

ಮೊದಲು ‘ರಿ’ ಕಂಡಿತು. ಅವಳ ಹೆಸರಿನ ಕೊನೆ. ‘ಕೆಳಗ ದೂಡು,’ ಎಂದೆ. ಕೂದಲು ಬಂದು ಮಣಿಯನ್ನು ಮುಟ್ಟಿತು, ಮಣಿ ಉರುಳಿತು. ‘ಕೇಳುತ್ತದೆ.’ ಮತ್ತೆ ದೂಡಿದಳು. ಬಾವಿಯ ತಳದಿಂದ ಮಕಾರ ಮೇಲೆ ಬಂತು. ನಾರು ಅಲ್ಲೇ ಇತ್ತು, ಅಕ್ಷರದ ಎಡಕ್ಕೆ, ಬೇರೆಯಾಗಿ. ಅಕ್ಷರದ ತಲೆಯ ಮೇಲೆ ಮಸಿಯಲ್ಲಿ ಬರೆದ, ಸಂಶಯವೇ ಇಲ್ಲದ ಎತ್ವ.

‘ಎತ್ವ ಐತವಾ,’ ಎಂದೆ. ‘ಮೆರೆಯಬೇಡಾನs. ನಾ ಸರಿಯಾಗೇ ಓದಿದ್ದೆ.’

ಹೇಳುವಾಗ ನನ್ನ ದನಿಯಲ್ಲಿ ಗೆಲುವಿತ್ತು. ಅದು ಅವಳ ಕಿವಿಗೂ ಬಿದ್ದಿರಬೇಕು. ಅವಳ ಮುಖದಲ್ಲಿ ಎರಡು ದಿನದಿಂದ ಹೊತ್ತಿದ್ದು ಏನೋ ಆರಿತು. ಆ ಕ್ಷಣಕ್ಕೆ, ನಾನು ತಪ್ಪಾಗಿದ್ದರೇ ಚೆನ್ನಿತ್ತು ಎಂದು ನಿಜವಾಗಿಯೂ ಅನಿಸಿತು, ಆದರೆ ಗೆಲುವು ಮೊದಲು ಬಂದಿತ್ತು.

‘ಇರ್ಲಿ ಬಿಡ್ರಿ,’ ಎಂದಳು. ‘ನಾಳೆ ನೀರಿಗೆ ಬಿಡೂಕಿಂತ ಮೊದಲ ನಾನೂ ಒಂದ್ಸಲ ನೋಡ್ತೀನಿ. ಅವ್ವನ ಕೈ ಬರಹ ನಾ ನೋಡೇ ಇಲ್ಲ.’

ನಾನು ಎದ್ದೆ, ಅವಳು ಕೂತಳು. ಒಂದು ಕಣ್ಣು ದುರ್ಬೀನಿಗೆ, ಬಲಗೈಯಲ್ಲಿ ಕೂದಲು, ಮಣಿಯನ್ನು ತಾನೇ ಉರುಳಿಸುತ್ತಾ ಪ್ರತಿ ಅಕ್ಷರದ ಮುಂದೆ ನಿಂತು ನಿಂತು ಹೋಗುತ್ತಿದ್ದಳು. ಕಿಟಕಿಯ ಬಿಸಿಲು ಅವಳ ಭುಜಕ್ಕೆ ಬಂದಿತ್ತು. ಕೆರೆಯ ಕಡೆಯಿಂದ ಅಗಸರು ಬಟ್ಟೆ ಒಗೆಯುವ ಸದ್ದು ನಿದ್ದೆಯಲ್ಲಿ ಕೇಳಿದಂತೆ ಕೇಳುತ್ತಿತ್ತು. ‘ಗೆರಿ ನೋಡ್ತೀನ್ರಿ ಈಗ,’ ಎಂದಳು. ಮಕ್ಕಳು ಅವ್ವನ ಬಳೆ ಮುಟ್ಟಿ ನೋಡುವಾಗಿನ ದನಿ. ಕೂದಲು ಒಂಚೂರು ಅಲುಗಿತು.

‘ಅಕ್ಕಾರ.’

‘ಏನವಾ?’

‘ಇದು ಗೆರಿ ಅಲ್ರಿ.’

ನಾನು ಏನೋ ಹೇಳಲು ಹೋದೆ. ಅವಳು ಎಡಗೈ ಎತ್ತಿ ತಡೆದಳು.

‘ಅಕ್ಷರ ಅದಾವ್ರಿ. ಸಣ್ಣ ಸಣ್ಣವು. ಹಾಳಿ ಮುಗದು ಜಾಗ ಸಾಲದ್ದಕ್ಕ ಕೆಳಗ ಒತ್ತಿ ಒತ್ತಿ ಬರದಾಳ.’

ಅವಳು ಓದಿದಳು. ಒಂದೊಂದು ಪದಕ್ಕೂ ಮಣಿ ದೂಡಬೇಕಿತ್ತು. ‘ಎಂದು.’ ಮಣಿ ಉರುಳಿತು. ‘ನನಗೆ.’ ಮತ್ತೆ ಉರುಳಿತು. ‘ಹೇಳಿದರು.’ ಆಮೇಲೆ ಗಟ್ಟಿಯಾಗಿ ಓದುವುದನ್ನು ಬಿಟ್ಟು ಮಣಿಯನ್ನು ಮಾತ್ರ ದೂಡುತ್ತಾ ಹೋದಳು. ಸಾಲು ಮುಗಿದಾಗ ಪೂರ್ತಿ ಮಾಡಿ, ನನಗಲ್ಲ, ಕಿಟಕಿಗೆ ಹೇಳಿದಳು: ‘ಮೆರೆಯಬೇಡ ಎಂದು ನನಗೆ ಹೇಳಿದರು. ಕೇಳಿ ಕೆಟ್ಟೆ. ನೀನು ಕೇಳಬೇಡ.’

ಎತ್ವದ ಮೇಲೆ ಕಣ್ಣಿಟ್ಟು ಇಡೀ ಸಾಲನ್ನು ನುಂಗಿದ್ದೆ. ಕೂಡಿದ ಅಕ್ಷರಗಳು ಸಾಲಾಗಿ ನಿಂತರೆ ಗೆರೆಯಂತೆ ಕಾಣುತ್ತವೆ ಎಂಬುದು ಈ ಕೆಲಸದ ಮೊದಲ ಪಾಠ, ನಾನೇ ಎಷ್ಟು ಜನರಿಗೆ ಹೇಳಿಕೊಟ್ಟಿದ್ದೆ. ಅಕ್ಷರದ ಬಗ್ಗೆ ಅಷ್ಟು ಅನುಮಾನ ಪಟ್ಟವಳು ಗೆರೆಯ ಬಗ್ಗೆ ಪಡಲಿಲ್ಲ. ಗೆರೆ ಎಂದರೆ ಗೆರೆ ಎಂದುಕೊಂಡೆ.

‘ಗೆರಿ ನೀವs ಎಳದದ್ದೇನ್ರಿ?’ ಕಸ್ತೂರಿ ಕೇಳಿದಳು.

‘ನಾನs. ಫೂಟುಪಟ್ಟಿ ಇಟ್ಟು ಎಳದೆ.’

‘ಹತ್ತೊಂಬತ್ತ ವರ್ಷ ಅವ್ವ ಹಾಕಿದ ಗೆರಿ ಅಂತ ದಾಟಲಿಲ್ಲ. ಅವ್ವ ಹಾಕೇ ಇರಲಿಲ್ಲ.’ ಅವಳು ನಕ್ಕಳೋ ಅತ್ತಳೋ, ನಾನು ತಲೆ ಎತ್ತಿ ನೋಡಲಿಲ್ಲ. ‘ಅಕ್ಕಾರ, ನನ್ನ ಕೈಯಾಗ ಎಷ್ಟ ಹಕ್ಕಿ ಇದ್ದುವು ಗೊತ್ತೇನ್ರಿ ನಿಮಗ?’

ಅವಳು ಹಾಳೆಯನ್ನು ಮಣಿಯ ಸಮೇತ ಮಡಿಸದೆ, ಬಂದಾಗಿನಂತೆಯೇ ಎರಡೂ ಕೈಯಲ್ಲಿ ಹಿಡಿದು ಹೊರಟುಹೋದಳು. ಸೋಮವಾರ ಕೆರೆಯ ದಂಡೆಗೆ ಅವಳು ಬರಲಿಲ್ಲ. ದೀಪವೂ ಆರಲಿಲ್ಲ. ಮೊದಲು ಮಾಡಿದ ಹಕ್ಕಿ ಕೊಕ್ಕು ಸೊಟ್ಟಗಾಗಿ ಬಾತುಕೋಳಿಯೋ ಕಾಗೆಯೋ ತಿಳಿಯದ ಹಾಗಿತ್ತಂತೆ. ಅದನ್ನೇ ನಡುಮಧ್ಯಾಹ್ನ ಅಂಗಡಿಯ ಮುಂದೆ, ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದಳಂತೆ. ನಾನು ಹೋಗಿ ನೋಡಲಿಲ್ಲ. ಯಾವ ಮುಖ ಹೊತ್ತು ಹೋಗಲಿ.

ಮಂಗಳವಾರ ಬೆಳಿಗ್ಗೆ ಸ್ಟೂಲು ಹತ್ತಿ ಬಾಗಿಲ ಮೇಲೆ ಗೇಣುದ್ದದ ಅಕ್ಷರದಲ್ಲಿ ಬರೆದೆ: ‘ನಾನು ಒಂದು ಮಾತನ್ನು ಗೆರೆ ಎಂದು ಓದಿದೆ.’ ಜನ ಬಂದರು, ಓದಿದರು, ಕೆಲವರು ಚುಚ್ಚಿದರು, ಕೆಲವರು ‘ಇರ್ಲಿ ಬಿಡ್ರಿ ಅಕ್ಕಾರ, ತಪ್ಪ ಯಾರ ಓದೂದಿಲ್ಲ ಹೇಳ್ರಿ’ ಎಂದರು. ಹಳೆಯ ಕಾಗದಗಳನ್ನೆಲ್ಲ ಮತ್ತೆ ತಂದರು. ಈಗ ಮಣಿ ಇಟ್ಟು ಓದುತ್ತೇನೆ, ಮಿತಿಯ ಆಚೆಗಿನದನ್ನೂ ಓದುತ್ತೇನೆ. ಮಣಿಗೂ ಒಂದು ಮಿತಿ ಇದೆ ಎಂದು ತಿಳಿದುಕೊಂಡೇ ಓದುತ್ತೇನೆ. ‘ಹೀಗಿರಬಹುದು’ ಎಂದು ಧಾರಾಳವಾಗಿ ಹೇಳುತ್ತೇನೆ. ಆ ಮಣಿಗಳು ಬಳೆ ಬೀದಿಯಿಂದಲೇ ಬರುತ್ತಿದ್ದವು, ದ್ಯಾಮವ್ವನ ಕೈಯಲ್ಲಿ, ಒಂದು ಮಾತೂ ಇಲ್ಲದೆ.

ಕಸ್ತೂರಿ ಮಾತ್ರ ದಿನಾ ಓದುಮನೆಯ ಮುಂದೆ ಹಾಯ್ದು ಹೋಗುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದಳು. ಬೇಸಿಗೆ ಹೋಯಿತು, ಮಳೆಗಾಲ ಬಂತು. ಎದುರಿಗೆ ಹೋಗಿ ತಪ್ಪಾಯಿತು ಎನ್ನುವ ಧೈರ್ಯ ನನಗಿರಲಿಲ್ಲ, ಬರೆಯುವ ಕೈ ಮಾತ್ರ ಇತ್ತು. ಶ್ರಾವಣದ ಒಂದು ದಿನ, ಅಳಿಲಿನ ಬಾಲದ ಒಂದೇ ಕೂದಲಿನ ಕುಂಚ ಮಾಡಿಕೊಂಡು, ಬಾಗಿಲ ಮೇಲಿನ ನನ್ನ ತಪ್ಪಿನ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಅಡಿಗೆರೆ ಎಳೆದೆ. ಫೂಟುಪಟ್ಟಿ ಇಡಲಿಲ್ಲ. ಎರಡು ದಿನ ಹಿಡಿಯಿತು. ಜನ ‘ಏನ್ರಿ ಅಕ್ಕಾರ, ತಪ್ಪಿಗೂ ಅಡಿಗೆರಿ ಏನ್ರಿ’ ಎಂದು ನಕ್ಕು ಹೋದರು.

ಮೂರನೆಯ ದಿನ ಕಸ್ತೂರಿ ಹಾಯ್ದು ಹೋಗುತ್ತಿದ್ದವಳು ನಿಂತಳು.

‘ಗೆರಿ ಯಾರ ಹಾಕಿದ್ದು?’

‘ನಾನs.’

ಅವಳು ಕಣ್ಣು ಸಣ್ಣ ಮಾಡಿ ಬಾಗಿಲನ್ನು ನೋಡಿದಳು. ಒಳಗೆ ಬಂದು ನನ್ನ ಸ್ಟೂಲು ಎತ್ತಿಕೊಂಡು ಹೋಗಿ ಹಾಕಿ ಹತ್ತಿದಳು. ಸೊಂಟದ ಚೀಲದಿಂದ ಜೋಳದ ಕಾಳಿನಷ್ಟು ಗಾಜಿನ ಗುಂಡು ತೆಗೆದು ಗೆರೆಯ ಮೇಲಿಟ್ಟು ಕಣ್ಣು ಹಚ್ಚಿದಳು. ಗೆರೆಯುದ್ದಕ್ಕೂ ಸರಿಯುತ್ತಾ ಹೋದಳು.

‘ಮರೆ, ಮರೆ, ಮರೆ, ಮರೆ,’ ಎಂದು ಓದಿದಳು. ‘ಬರೇ ಇದನ್ನs ಬರದೀರಿ?’

‘ಇಲ್ಲವಾ,’ ಎಂದೆ ಗಾಬರಿಯಾಗಿ. ‘ಮೆರೆ ಅಂತ ಬರದೀನಿ. ಮೆರೆ. ನೀ ಮೆರೀಬೇಕು ಅಂತ.’

‘ಎತ್ವ ಎಲ್ಲೈತ್ರಿ?’

ಅವಳು ಇಳಿದಳು, ನಾನು ಹತ್ತಿದೆ. ರಕಾರಕ್ಕೆ ಎತ್ವ ಇತ್ತು. ಮಕಾರಕ್ಕೆ ಇರಲಿಲ್ಲ. ಒಂದು ಕಡೆಯಲ್ಲ, ಎರಡು ದಿನ ಕೂತು ಬರೆದ ಆ ಸಾಲಿನುದ್ದಕ್ಕೂ ನನ್ನ ಕೈ ಅದನ್ನು ಬಿಟ್ಟುಬಿಟ್ಟಿತ್ತು. ನಾಚಿಕೆಯಿಂದ ಕೆಳಗೆ ನೋಡಿದೆ. ‘ತಿದ್ದತೀನವಾ, ಕುಂಚ ಕೊಡಿಲ್ಲೆ,’ ಎಂದೆ.

‘ಬ್ಯಾಡ್ರಿ. ಬರದದ್ದು ಬರದಂಗ ಇರ್ಲಿ.’ ಕಸ್ತೂರಿ ನನ್ನ ಕೈ ಹಿಡಿದು ಸ್ಟೂಲಿನಿಂದ ಇಳಿಸಿದಳು. ಗಾಜಿನ ಕೆಲಸದವರ ಕೈ, ಬಿಸಿಯಾಗಿತ್ತು. ‘ಮರೀತೀನ್ರಿ ಅಕ್ಕಾರ,’ ಎಂದಳು. ‘ಇದು ಚುಕ್ಕಿ ಆಗೂತನಕ ಟೈಮ್ ಕೊಡ್ರಿ.’